ಟೆಸ್ಸಾಳ ಹೆಸರಿನಲ್ಲಿ

ವಾಷಿಂಗ್ಟನ್ನಿನ ಸೆನೆಟ್ ಕಟ್ಟಡದ ಮೊಗಸಾಲೆಯಲ್ಲಿ ರೋಂಡಾ ಸ್ಕಾಗ್ಸ್ ಆ ಮನುಷ್ಯನ ಟೈ ಹಿಡಿದು ಎಳೆದಳು. ಅವನ ಕೈಯಲ್ಲಿದ್ದ ಕಾಫಿ ಅವನದೇ ಅಂಗಿಯ ಮೇಲೆ ಚೆಲ್ಲಿತು.

"ಸತ್ತಿರೋಳು ನನ್ನ ಮಗಳು! ಅವಳ ಹೆಸರಲ್ಲಿ ಒಂದು ಕಾನೂನು ಬರೋದಕ್ಕೂ ಬಿಡಲ್ವೇನೋ ನೀನು?"

"ಅಮ್ಮಾ, ಒಂದೇ ನಿಮಿಷ. ನಾನು ನಿಮ್ಮ ಒಳ್ಳೇದಕ್ಕೇ..."

ಕೆನ್ನೆಗೆ ಬಿತ್ತು. ಸುತ್ತ ಇದ್ದವರ ಫೋನುಗಳು ಮೇಲೆದ್ದವು.

ಅವನ ಹೆಸರು ಆಸ್ಟ್ರೋ. ಮಾಸಿದ ಕೋಟಿನ ವಕೀಲ. ರೋಂಡಾ ಯಾವ ಸೆನೆಟರ್ ಕಚೇರಿಯಿಂದ ಹೊರಬಂದರೂ ಒಳಗೆ ಹೋಗಲು ಬಾಗಿಲಲ್ಲೇ ಕಾದಿರುತ್ತಿದ್ದ. ಅವನು ಹೋಗಿಬಂದ ಕಡೆಯಲ್ಲೆಲ್ಲ ಮಾರನೆಯ ದಿನ ದನಿ ಬದಲಾಗುತ್ತಿತ್ತು. ಅವಳ ಕೈ ಹಿಡಿದು ಕಣ್ಣೊರೆಸಿಕೊಂಡಿದ್ದವರೇ 'ಇನ್ನಷ್ಟು ಯೋಚಿಸಬೇಕಮ್ಮ' ಎನ್ನುತ್ತಿದ್ದರು.

ರೋಂಡಾ ಒಹಾಯೋದ ಒಂದು ಸಣ್ಣ ಊರಿನಲ್ಲಿ ಶಾಲಾ ಬಸ್ಸು ಓಡಿಸುವವಳು. ಹಿಂದಿನ ಚಳಿಗಾಲದಲ್ಲಿ ಹದಿಮೂರರ ಟೆಸ್ಸಾ ಜ್ವರವೆಂದು ಶಾಲೆಗೆ ಹೋಗದೆ ಮಲಗಿದ್ದಳು. ಬೆಳಗಿನ ಟ್ರಿಪ್ಪು ಮುಗಿಸಿ ಬಂದ ತಾಯಿ ಸೂಪು ಬಿಸಿ ಮಾಡಿ, ಕೂಗಿ, ಆಮೇಲೆ ಹೋಗಿ ಅಲುಗಿಸಿದಳು. ಹಾಲ್ವಿಕ್ ಕಂಪನಿಯ ಗ್ಯಾಸ್ ಹೀಟರ್ ಆಗಲೂ ಉರಿಯುತ್ತಿತ್ತು. ಅದು ಉಗುಳಿದ ವಿಷಗಾಳಿಗೆ ವಾಸನೆಯೇ ಇರಲಿಲ್ಲ.

ಹೀಟರಿನದೇನೂ ತಪ್ಪಿಲ್ಲ, ತಾಯಿ ಕಿಟಕಿ ತೆರೆದಿಡಬೇಕಿತ್ತು ಎಂದಿತು ಕಂಪನಿ.

ಆ ಮಾತು ರೋಂಡಾಳ ಎದೆಯಲ್ಲಿ ಕೆಂಡದಂತೆ ಕೂತಿತು. ಊರಿನ ವಕೀಲ ಡೆಲ್ಬರ್ಟ್ ಅವಳ ಪರವಾಗಿ ಮೊಕದ್ದಮೆ ಹೂಡಿದ. ಅವಳಿಗೆ ಬೇಕಾದದ್ದು ಒಂದೇ. ಕಂಪನಿಯ ಯಜಮಾನ ಗಾರ್ಡನ್ ಹಾಲ್ವಿಕ್ ಕಟಕಟೆಗೆ ಬರಬೇಕು, ಕಿಟಕಿಯ ಮಾತನ್ನು ಅವಳ ಮುಖ ನೋಡಿಕೊಂಡು ಹೇಳಬೇಕು.

ವಿಟ್ನಿ ಕ್ಯಾರೋ ಬಂದದ್ದು ಆಮೇಲೆ. ವಾಷಿಂಗ್ಟನ್ನಿನ ದೊಡ್ಡ ಕಾನೂನು ಸಂಸ್ಥೆಯೊಂದರಲ್ಲಿ ಸೆನೆಟ್, ಸರ್ಕಾರಗಳ ಜೊತೆಗಿನ ವ್ಯವಹಾರ ನೋಡಿಕೊಳ್ಳುವ ವಕೀಲೆ. ಆಪಲ್ ಪೈ ಹಿಡಿದು ಬಂದವಳು ಅಡುಗೆಮನೆಯಲ್ಲೇ ಕೂತು ಮಾತಾಡಿದಳು. ಗಾಳಿ ಕೆಟ್ಟೊಡನೆ ತಾನೇ ಆರಿಹೋಗುವ ಹೀಟರನ್ನೇ ಇನ್ನು ಮುಂದೆ ಮಾರಬೇಕು, ಅಂಥದೊಂದು ಕಾನೂನು ತರೋಣ, ಟೆಸ್ಸಾಳ ಹೆಸರನ್ನೇ ಇಡೋಣ ಎಂದಳು. ಒಂದು ಡಾಲರೂ ಬೇಡ ಎಂದಳು.

ವಿಟ್ನಿಯ ಕಚೇರಿಯ ಅಮೃತಶಿಲೆಯ ನೆಲದ ಮೇಲೆ ರೋಂಡಾಳ ಹಳೆಯ ಬೂಟು ಕಿರುಗುಟ್ಟುತ್ತಿತ್ತು. ಅಲ್ಲಿ ಸೆನೆಟರುಗಳ ಮುಂದೆ ಸಾಕ್ಷಿ ಹೇಳುವ ಅಭ್ಯಾಸ ನಡೆಯಿತು.

"ಕಂಪನಿ ಹೆಸರು ಮಾತ್ರ ಎತ್ತಬೇಡಿ, ರೋಂಡಾ. ಸೇಡು ಅನ್ನಿಸಿಬಿಡತ್ತೆ. ನೀವು ತಾಯಿ. ಅಷ್ಟು ಸಾಕು."

"ಮತ್ತೆ ನನ್ನ ಸಿಟ್ಟು? ಅದನ್ನೇನ್ ಮಾಡ್ಲಿ?"

"ಆಸ್ಟ್ರೋಗೆ ಇಟ್ಕೊಳ್ಳಿ," ಎಂದು ವಿಟ್ನಿ ನಕ್ಕಳು. "ಕಂಪನಿ ಸಾಕಿರೋ ನಾಯಿ ಅದು."

ಡೆಲ್ಬರ್ಟ್ ಊರಿನಿಂದ ಮತ್ತೆ ಮತ್ತೆ ಫೋನು ಮಾಡುತ್ತಿದ್ದ. ರೋಂಡಾ ಎತ್ತಲೋ ಬೇಡವೋ ಎಂದು ನೋಡಿದರೆ ವಿಟ್ನಿ ಬೇಡವೆಂದು ತಲೆಯಾಡಿಸುತ್ತಿದ್ದಳು. "ಊರ ವಕೀಲರಿಗೆ ಭಯ ಕಣ್ರೀ. ಈ ಕಾನೂನು ಬಂದ್ರೆ ಅವರ ಕಸುಬೇ ಹೋಗತ್ತಲ್ಲ."

ರೋಂಡಾ ಫೋನು ಎತ್ತಲಿಲ್ಲ.

ಮೊಗಸಾಲೆಯ ಕೆನ್ನೆಯೇಟು ಸಂಜೆಯ ಹೊತ್ತಿಗೆ ದೇಶದ ತುಂಬ ಓಡಾಡಿತು. ಆಸ್ಟ್ರೋನಿಗೆ ಯಾರೂ ಬಾಗಿಲು ತೆರೆಯಲಿಲ್ಲ. ಹಿಂದೆಗೆದಿದ್ದ ಸೆನೆಟರುಗಳು ರೋಂಡಾಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ನೂಕಾಡಿದರು. ಮಸೂದೆ ಪಾಸಾಯಿತು, ಸಹಿ ಬಿತ್ತು. ವಿಟ್ನಿ ಅವಳನ್ನು ತಬ್ಬಿಕೊಂಡು, "ಇಂಥ ಗೆಲುವು ನಮ್ಮ ಸಂಸ್ಥೆ ಕಂಡೇ ಇರಲಿಲ್ಲ. ಎಲ್ಲಾ ನಿಮ್ಮಿಂದ" ಎಂದಳು. ರೋಂಡಾ ಬಹಳ ದಿನದ ಮೇಲೆ ಬಾಯಿಬಿಟ್ಟು ಅತ್ತಳು.

ಒಂದು ಕೆಲಸ ಮುಗಿಯಿತು. ಇನ್ನು ಹಾಲ್ವಿಕ್.

ಮೊಕದ್ದಮೆಯ ದಿನ ಅವಳು ಊರಿನ ಕೋರ್ಟಿನೊಳಗೆ ಮುಂದಿನ ಬೆಂಚಿನಲ್ಲಿ ಬಂದು ಕೂತಳು. ಕೇಳಬೇಕಾದ್ದನ್ನೆಲ್ಲ ಹಲ್ಲು ಕಚ್ಚಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಹಾಲ್ವಿಕ್ ಮಾತ್ರ ಬಂದಿರಲಿಲ್ಲ. ಡೆಲ್ಬರ್ಟ್ ರಾತ್ರಿಯೆಲ್ಲ ನಿದ್ದೆಗೆಟ್ಟವನ ಹಾಗಿದ್ದ.

"ಆಸ್ಟ್ರೋನ ಯಾಕಮ್ಮ ಹೊಡೆದೆ?" ಎಂದ, ತಲೆಯೆತ್ತದೆ.

"ಇನ್ನೇನು ಮುದ್ದಾಡಬೇಕಿತ್ತಾ? ಕಂಪನಿ ಕೂಲಿ ಅವನು!"

"ಯಾರು ಹೇಳಿದ್ದು?"

ಅವಳು ಉತ್ತರಿಸುವಷ್ಟರಲ್ಲಿ ಬಾಗಿಲು ತೆರೆಯಿತು. ವಿಟ್ನಿ! ಅಷ್ಟು ದೂರದಿಂದ ತನಗಾಗಿ ಬಂದಿದ್ದಾಳೆ. ರೋಂಡಾ ಸರಿದು ಕೂತು ಪಕ್ಕದ ಜಾಗವನ್ನು ತಟ್ಟಿ ತೋರಿಸಿದಳು.

"ಆಸ್ಟ್ರೋ ನಮ್ಮವನು ಕಣಮ್ಮ," ಎಂದ ಡೆಲ್ಬರ್ಟ್. "ನಿನ್ನ ಥರ ಮಕ್ಕಳನ್ನ ಕಳ್ಕೊಂಡವರ ಪರವಾಗಿ ಓಡಾಡ್ತಿದ್ದ. ನನ್ನ ಒಂದು ಮಾತು ಕೇಳಬಾರದಿತ್ತಾ?"

ವಿಟ್ನಿ ಬೆಂಚನ್ನು ದಾಟಿ ಮುಂದೆ ಹೋದಳು. ಕಂಪನಿಯ ವಕೀಲರ ಮೇಜಿನ ಹಿಂದಿನ ಕುರ್ಚಿ ಎಳೆದು ಕೂತಳು.

ನ್ಯಾಯಾಧೀಶರು ಬಂದು ಕೂತೊಡನೆ ಅವಳೇ ಎದ್ದಳು. "ಸ್ವಾಮಿ, ಈ ದಾವೆ ವಜಾ ಆಗಬೇಕು. ಹೊಸ ನಿಯಮಕ್ಕೆ ಒಪ್ಪಿಕೊಂಡ ತಯಾರಕರ ಮೇಲೆ, ಹಳೇ ಹೀಟರಿರಲಿ ಹೊಸದಿರಲಿ, ಇನ್ನು ಯಾವ ರಾಜ್ಯದ ಕೋರ್ಟಲ್ಲೂ ಮೊಕದ್ದಮೆ ನಡೆಸೋ ಹಾಗಿಲ್ಲ. ನನ್ನ ಕಕ್ಷಿದಾರರು ಹಾಲ್ವಿಕ್ ಕಂಪನಿಯವರು ಒಪ್ಪಿಕೊಂಡಿದಾರೆ."

"ಯಾವ ಕಾನೂನಿನ ಪ್ರಕಾರ?" ಎಂದರು ನ್ಯಾಯಾಧೀಶರು.

ವಿಟ್ನಿ ಬೆಂಚಿನ ಕಡೆ ತಿರುಗಲಿಲ್ಲ. "ಟೆಸ್ಸಾ ಸ್ಕಾಗ್ಸ್ ಕಾಯ್ದೆ, ಸ್ವಾಮಿ."