ಸಡಿಲವಾಗಿದ್ದ ಒಂದು ಸ್ಕ್ರೂ

ಮಂಗಳೂರು ವಿಮಾನ ನಿಲ್ದಾಣ...

ಆಳೆತ್ತರ ಮೀರಿದ ಚೀಲವೊಂದನ್ನು ಎಳೆಯುತ್ತ ತ್ರಿವೇಣಿ ಒಳಗೆ ಬಂದಳು. ಆ ಚೀಲದಲ್ಲಿ ಅವಳ ಪ್ರಾಣವೇ ಇತ್ತು... ವಿಂಡ್‌ಸರ್ಫಿಂಗ್ ಬೋರ್ಡ್!

ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು, ಗಾಳಿ ಹಿಡಿದು ಕಡಲಲ್ಲಿ ಸಾಗುವ ಆಟ ಅದು.

ಚೆನ್ನೈಯಲ್ಲಿ ರಾಷ್ಟ್ರೀಯ ತಂಡದ ಆಯ್ಕೆ ಸ್ಪರ್ಧೆ. ಇರುವುದು ಒಂದೇ ಜಾಗ. ಮಂಗಳೂರಿನಿಂದ ಹೊರಟವರು ಇಬ್ಬರು... ತ್ರಿವೇಣಿ ಮತ್ತು ರೆನಿಟಾ.

ಇಷ್ಟು ದಿನ ಟೆಂಪೋದಲ್ಲೇ ಬೋರ್ಡ್ ಸಾಗಿಸಿದವಳಿಗೆ ಇದು ಮೊದಲ ವಿಮಾನ. ಹಾಯಿಯ ಕಂಬವನ್ನು ಎರಡು ತುಂಡಾಗಿ ಬಿಚ್ಚಿ, ಬೋರ್ಡಿನ ಮೂತಿಗೆ ಅಮ್ಮನ ಹಳೆ ಸೀರೆ ಸುತ್ತಿ ಜೋಪಾನವಾಗಿ ಪ್ಯಾಕ್ ಮಾಡಿದ್ದಳು.

ರೆನಿಟಾ ಹತ್ತಿರ ಬಂದಳು. "ತ್ರಿವೇಣಿ, ನಿನ್ನ ಬೋರ್ಡಿನದ್ದು ಒಂದು ವಿಷಯ ಹೇಳ್ಲಿಕ್ಕೆ ಉಂಟು..."

"ನನ್ನದು ನಾನು ನೋಡ್ಕೊಳ್ತೇನೆ. ನೀನು ನಿನ್ನದು ನೋಡು ಮಾರಾಯ್ತಿ!"

ಎದುರಾಳಿಯೇ ಬುದ್ಧಿ ಹೇಳಲು ಬಂದರೆ ಯಾರು ತಾನೆ ನಂಬುತ್ತಾರೆ?

ಚೀಲ ಬಿಟ್ಟು ಕೌಂಟರಿಗೆ ವಿಚಾರಿಸಲು ಹೋದ ತ್ರಿವೇಣಿ ತಿರುಗಿ ನೋಡಿದಳು...

ರೆನಿಟಾ ಅವಳ ಚೀಲದ ಜಿಪ್ ತೆರೆದು ಒಳಗೆ ಕೈ ಹಾಕಿ ಏನನ್ನೋ ತಿರುಗಿಸುತ್ತಿದ್ದಳು!

ಅವಳು ಅತ್ತ ಹೋದ ಮೇಲೆ ತ್ರಿವೇಣಿ ನೋಡಿದರೆ, ಬೋರ್ಡಿನ ಮೇಲಿನ ಪುಟ್ಟ ಸ್ಕ್ರೂ ಸಡಿಲವಾಗಿತ್ತು. ಹಾಗೇ ಕಡಲಿಗಿಳಿದರೆ ಬೋರ್ಡಿನೊಳಗೆ ನೀರು ನುಗ್ಗುವುದು ಗ್ಯಾರಂಟಿ.

'ಸಿಕ್ಕಿಬಿದ್ದಳು ಕಳ್ಳಿ!' ಎಂದುಕೊಂಡು ಸ್ಕ್ರೂವನ್ನು ಬಲವಾಗಿ ಬಿಗಿದಳು. ಯಾರಿಗೂ ಹೇಳಲಿಲ್ಲ.

ವಿಮಾನದಲ್ಲಿ ರೆನಿಟಾ ಚಿಕ್ಕಿ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಚೆನ್ನೈ ಕಡಲತೀರದಲ್ಲಿ, ಮೊದಲೇ ಬಂದು ಕಾಯುತ್ತಿದ್ದ ಕೋಚ್ ಎದುರು ಚೀಲ ಬಿಚ್ಚಿದಳು...

ಬೋರ್ಡ್ ಪೂರಿಯ ಹಾಗೆ ಉಬ್ಬಿ ಬಿರುಕು ಬಿಟ್ಟಿತ್ತು!

"ಇವಳೇ ಸರ್! ನನ್ನ ಚೀಲಕ್ಕೆ ಕೈ ಹಾಕಿದ್ದನ್ನು ನಾನೇ ನೋಡಿದ್ದೇನೆ!" ಎಲ್ಲರೆದುರು ಕಿರುಚಿದಳು.

ಕೋಚ್ ಬೋರ್ಡ್ ನೋಡಿ ತಲೆ ಚಚ್ಚಿಕೊಂಡರು. "ಸ್ಕ್ರೂ ಬಿಗಿ ಇದೆಯಲ್ಲ! ವಿಮಾನ ಮೇಲೆ ಹೋದ ಹಾಗೆ ಬೋರ್ಡಿನೊಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲಿಕ್ಕೆ ದಾರಿ ಬೇಡ್ವಾ?"

ರೆನಿಟಾಳ ಕಣ್ಣು ತುಂಬಿತ್ತು. "ಹೋದ ವರ್ಷ ನನ್ನ ಬೋರ್ಡು ಹೀಗೇ ಹೋಯ್ತು ಸರ್. ಇವಳಿಗೆ ಹೇಳ್ಲಿಕ್ಕೆ ಬಂದೆ, ಕೇಳಲಿಲ್ಲ. ಅದಕ್ಕೆ ನಾನೇ ಸಡಿಲ ಮಾಡಿದ್ದೆ... ಪುನಃ ಬಿಗಿ ಮಾಡಿದ್ದು ಯಾರು?"

ತ್ರಿವೇಣಿ ಆ ಸ್ಕ್ರೂವಿನ ಮೇಲೆ ಬೆರಳಿಟ್ಟಳು.

"ನಾನೇ..."

ರೆನಿಟಾ ಕಣ್ಣೊರೆಸಿಕೊಂಡು, "ನನ್ನ ಸರದಿ ಮುಗಿದ ಮೇಲೆ ನನ್ನ ಬೋರ್ಡ್ ತಗೊ. ಇಷ್ಟು ದೂರ ಬಂದು ಸುಮ್ಮನೆ ಕೂತ್ಕೊಳ್ತೀಯಾ?" ಎಂದಳು.

ಇಬ್ಬರೂ ಒಂದೇ ಬೋರ್ಡಿನಲ್ಲಿ ಸ್ಪರ್ಧಿಸಿದರು. ಗೆದ್ದದ್ದು ರೆನಿಟಾ.

ಮರುದಿನ ಊರಿಗೆ ಹೊರಡುವಾಗ ರೆನಿಟಾ ತನ್ನ ಬೋರ್ಡನ್ನು ತ್ರಿವೇಣಿಯ ಮುಂದಿಟ್ಟಳು. "ಇದನ್ನು ಸ್ವಲ್ಪ ಪ್ಯಾಕ್ ಮಾಡು ಮಾರಾಯ್ತಿ, ನಾನೊಂದು ಚಾ ಕುಡಿದು ಬರ್ತೇನೆ."

ಹೊರಟವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ತ್ರಿವೇಣಿ ಆ ಬೋರ್ಡನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು...

ಅನುಮಾನ ಮೊದಲು ಮುಚ್ಚಿಸುವುದು ನಮ್ಮ ಕಿವಿಯನ್ನೇ.

ನಿಮ್ಮ ಒಳ್ಳೆಯದಕ್ಕೆಂದೇ ಬಂದ ಯಾರ ಮಾತನ್ನು ನೀವು ಅರ್ಧಕ್ಕೇ ತಡೆದಿದ್ದೀರಿ?