ಎರಡನೆಯ ಸುತ್ತು

ಲಗ್ನಪತ್ರಿಕೆಯಲ್ಲಿ ಮದುವಣಗಿತ್ತಿಯ ಹೆಸರೇ ಇರಲಿಲ್ಲ. ತಾವರೆಕೆರೆಯ ಕಾಡಸಿದ್ದಪ್ಪ ಮುನ್ನೂರು ಪತ್ರಿಕೆಗಳ ಕಟ್ಟನ್ನು ಸಿರಾದ ಅಚ್ಚುಕೂಟದ ಮೇಜಿನ ಮೇಲಿಟ್ಟು, ಟವಲಿನಿಂದ ಮುಖ ಒರೆಸಿಕೊಂಡ.

"ಗಂಡಿನ ಹೆಸ್ರೈತೆ, ನನ್ನ ಹೆಸ್ರೈತೆ, ಸೋದರಮಾವಂದೂ ಐತೆ. ಮದ್ವೆ ಯಾರ್ಗೆ ಸ್ವಾಮಿ, ನಂಗಾ?"

ಯಜಮಾನ ಮಲ್ಲಿಕಾರ್ಜುನಯ್ಯ ಮೂಲ ಹಾಳೆ ತೆಗೆದು ನೋಡಿದರು. 'ಜಗದಾಂಬ' ಎಂಬ ಹೆಸರಿಗೆ ಎರಡು ಸುತ್ತುಗಳಿದ್ದವು. ಒಳಗಿನದು ಕಾಡಸಿದ್ದಪ್ಪ ಎಳೆದದ್ದು, ಮಗಳ ಹೆಸರು ಎದ್ದು ಕಾಣಲಿ ಎಂದು. ಆದರೆ ಆ ಅಚ್ಚುಕೂಟದಲ್ಲಿ ಸುತ್ತು ಹಾಕಿದ ಮಾತೆಂದರೆ, 'ದಪ್ಪ ಅಕ್ಷರ', 'ಹೂವಿನ ಅಂಚು' ಎಂಬಂತೆ, ಅಚ್ಚಿನ ಮೊಳೆ ಜೋಡಿಸುವವನಿಗೆ ಹೇಳಿದ್ದು; ಅಚ್ಚಾಗಬಾರದು. ಅದಕ್ಕೇ ಯಜಮಾನರು ಕೆಂಪು ಪೆನ್ಸಿಲ್ಲಿನಿಂದ ಹೊರಗೆ ಇನ್ನೊಂದು ಸುತ್ತು ಎಳೆದಿದ್ದರು. ಒಳಗಿನ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡ, ಇದು ಅಚ್ಚಾಗಬೇಕಾದ ಮಾತೇ ಎಂದು ಅದರ ಅರ್ಥ.

"ನಸ್ರುಲ್ಲಾ, ಎರಡು ಸುತ್ತು ಕಾಣಲಿಲ್ವೇನಯ್ಯ?"

ಕಿಟಕಿಯ ಪಕ್ಕ ನಿಂತಿದ್ದ ನಸ್ರುಲ್ಲಾ ಮೊದಲು ರೇಣುಕಯ್ಯನ ಕಡೆ ನೋಡಿದ. ರೇಣುಕಯ್ಯ ಮೂಲೆಯ ಮಬ್ಬಿನಲ್ಲಿ ತಲೆ ತಗ್ಗಿಸಿ ಮೊಳೆ ಆಯುತ್ತಲೇ ಇದ್ದ.

ಹದಿನೆಂಟು ವರ್ಷ ಆ ಕಿಟಕಿ ರೇಣುಕಯ್ಯನದಾಗಿತ್ತು. ಕರೆಂಟಿಲ್ಲದ ಅಚ್ಚುಕೂಟದಲ್ಲಿ ಬೆಳಕಿದ್ದದ್ದು ಅಲ್ಲಿ ಮಾತ್ರ. ನಸ್ರುಲ್ಲಾನಿಗೆ ಮೊಳೆ ಹಿಡಿಯುವುದನ್ನು ಕಲಿಸಿದವನೂ ಅವನೇ. ಸುತ್ತುಗಳ ಪಾಠ ಶುರುವಾದ ದಿನವೇ ಯಜಮಾನರು, "ಇವನ ಕೈ ನಿಮಗಿಂತ ಚುರುಕು ಕಣ್ರೀ, ಕಿಟಕಿ ಹತ್ರ ಇವನು ನಿಲ್ಲಲಿ" ಎಂದಿದ್ದರು. ರೇಣುಕಯ್ಯ ಒಂದನೆಯ ಸುತ್ತಿಗೇ ಪಾಠ ನಿಲ್ಲಿಸಿದ; ಎರಡನೆಯದರ ಅರ್ಥ ಹೇಳಿಕೊಡಲೇ ಇಲ್ಲ. ಮೊನ್ನೆ ಒಣಗಲು ಹಾಕಿದ್ದ ಕರಡು ಅವನ ಕಣ್ಣಿಗೆ ಬಿದ್ದಿತ್ತು. ಹೆಸರಿಲ್ಲದ ಸಾಲನ್ನು ಎರಡು ಸಲ ಓದಿ, ಸುಮ್ಮನೆ ತನ್ನ ಮೂಲೆಗೆ ಬಂದಿದ್ದ.

"ಉಸ್ತಾದ್ ಹೇಳಿಕೊಟ್ಟಿದ್ರು ಯಜಮಾನ್ರೆ," ಎಂದ ನಸ್ರುಲ್ಲಾ. "ನಾನೇ ಮರೆತೆ."

"ಹಂಗಾದ್ರೆ ಕಿಟಕಿ ಬಿಡು. ಸೀಮೆಎಣ್ಣೇಲಿ ಮೊಳೆ ತೊಳಿ ಹೋಗು. ರೇಣುಕಯ್ಯ, ನೀವೇ ಹೊಸದಾಗಿ ಜೋಡ್ಸಿ."

"ಈ ಸಲ ಬೇಕಾದ್ರೆ ನನ್ನೆಸ್ರು ಬುಟ್ಬುಡಿ," ಎಂದ ಕಾಡಸಿದ್ದಪ್ಪ, "ಅವಳ್ದು ಬುಡಬ್ಯಾಡಿ."

ಮಧ್ಯಾಹ್ನ ಕಿಟಕಿಯ ಬೆಳಕು ಮತ್ತೆ ರೇಣುಕಯ್ಯನ ಕೈಮೇಲೆ ಬಿತ್ತು. ಜಗದಾಂಬಳ ಹೆಸರಿನ ಮೊಳೆಗಳು ಯಾಕೋ ಬೆರಳಿಗೆ ಸಿಗುತ್ತಿರಲಿಲ್ಲ. ಸೀಮೆಎಣ್ಣೆಯ ವಾಸನೆ ಬಂತು. ನಸ್ರುಲ್ಲಾ ಪಕ್ಕದಲ್ಲಿ ನಿಂತಿದ್ದ.

"ಉಸ್ತಾದ್, ಎರಡು ಸುತ್ತು ಅಂದ್ರೆ ಏನಂತ ಈಗ ತಿಳೀತು. ಮೂರಿದ್ರೆ?"

ಮಾತಿನಲ್ಲಿ ಕೊಂಕಿದೆಯೇ ಎಂದು ರೇಣುಕಯ್ಯ ಬಹಳ ಹೊತ್ತು ಅವನ ಮುಖ ನೋಡಿದ. ಇರಲಿಲ್ಲ. ನಸ್ರುಲ್ಲಾನ ಒಂದು ಕೈಯಲ್ಲಿ ಪೆನ್ಸಿಲ್ ಇತ್ತು; ಇನ್ನೊಂದರಲ್ಲಿ, ಬರೆದುಕೊಳ್ಳಲೆಂದು ಹಿಂಬದಿ ತಿರುಗಿಸಿದ, ಕೆಟ್ಟುಹೋದ ಒಂದು ಲಗ್ನಪತ್ರಿಕೆ.