ತೆಗೆದದ್ದಕ್ಕೆ ಕಾರಣ

ತಲೆಯೊಳಗಿನ ಬ್ರೌಸರಿನಿಂದ ಯಾರಾದರೂ 'ತೃಪ್ತಿ' ಎಕ್ಸ್‌ಟೆನ್ಷನ್ ತೆಗೆದರೆ, ಫೋನ್ ಮಾಡಿ ಕಾರಣ ಕೇಳುವುದು ಅಂಬುಜಾಕ್ಷಿಯ ಕೆಲಸ. ಹಸಿವೇ ಗೊತ್ತಾಗದಂತೆ ಮಾಡುವ ತೃಪ್ತಿಯನ್ನು ತೆಗೆಯುವವರೇ ಅಪರೂಪ. ಕಂಪನಿ ಬೆಳೆದದ್ದೇ ಹಾಗೆ.

"ಮಗಳ ತಲೆಯಿಂದ ಯಾಕಮ್ಮ ತೆಗೆಸಿದ್ರಿ?"

"ಅವಳೇ ಹೋಗ್ಬಿಟ್ಳು ಕಣವ್ವ. ಓದೋಕೆ ಟೈಮ್ ಉಳೀತದೆ ಅಂತ ನಾವೇ ಹಾಕ್ಸಿದ್ವಿ. ಮುದ್ದೆ ಮಾಡಿ ಕರೆದ್ರೆ ಹೊಟ್ಟೆ ತುಂಬೈತೆ ಅಂತಿದ್ಲು. ಹಿಂಗೇ ತಿಂಗಳು ಕಳೀತು."

"ಒಂದು ದಿನಾನೂ ಹಸಿವು ಅನ್ಲಿಲ್ವಾ?"

"ಇಲ್ಲ ಕಣವ್ವ."

"ಹಾಗಾದ್ರೆ ಕೊನೇವರೆಗೂ ಚೆನ್ನಾಗಿ ಕೆಲಸ ಮಾಡಿದೆ," ಎಂದು ಅಂಬುಜಾಕ್ಷಿ ಐದು ನಕ್ಷತ್ರ ಒತ್ತಿದಳು.

ಮಧ್ಯಾಹ್ನ ಒಂದೂವರೆಯಾಗಿತ್ತು. ಯಾರೂ ಕುರ್ಚಿಯಿಂದ ಏಳಲಿಲ್ಲ. ನೌಕರರಿಗೆ ತೃಪ್ತಿ ಉಚಿತ. ಊಟದ ವಿರಾಮವನ್ನು ಕಂಪನಿ ಎಂದೋ ಕಿತ್ತುಹಾಕಿತ್ತು. ಅಂಬುಜಾಕ್ಷಿ ಜಾರುತ್ತಿದ್ದ ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಂಡು ಮುಂದಿನ ನಂಬರ್ ಒತ್ತಿದಳು.